ಕಂತಿಗೆ ಹೆದರಿ ಹಾಕಿದ ಹಂದರ

ಲೋಕದಲ್ಲಿ ಮದುವೆ ಗೊತ್ತಾದ ಮೇಲೆ ಹಂದರ ಹಾಕುತ್ತಾರೆ. ನಮ್ಮ ಮುದ್ದಣ್ಣ ಮೊದಲು ಹಂದರ ಹಾಕಿ ಆಮೇಲೆ ಮದುವೆ ಗೊತ್ತು ಮಾಡಿದ. ಯಾಕಪ್ಪಾ ಹೀಗೆ ಮಾಡಿದೆ ಎಂದು ಕೇಳಿದರೆ ಈಗಲೂ ಎದೆಯುಬ್ಬಿಸಿ, "ಅದು ನನ್ನ ಹಕ್ಕು" ಅನ್ನುತ್ತಾನೆ. ಅವನ ಹಕ್ಕಿಗೆ ಬೆಂಕಿ ಬೀಳಲಿ. ನಾನು ಅವನ ಪಕ್ಕದ ಮನೆಯ ಓಬಣ್ಣ. ಹೊಳಲ್ಕೆರೆ-ಚಿತ್ರದುರ್ಗದ ಬಸ್ಸಿನಲ್ಲಿ ಕಂಡಕ್ಟರಾಗಿ ಟಿಕೆಟ್ ಹರಿದೂ ಹರಿದೂ ಈಗ ರಿಟೈರಾಗಿ ನನ್ನ ಮನೆ ಕಟ್ಟೆಯ ಮೇಲೆ ಕೂತಿರುವವನು. ಬಸ್ಸಿನಲ್ಲಿ ತರಾವರಿ ದಡ್ಡರನ್ನು ಕಂಡಿದ್ದೇನೆ. ಅವರೆಲ್ಲ ತಮ್ಮ ತಮ್ಮ ಸ್ಟಾಪ್ ಬಂದಾಗ ಇಳಿದು ಹೋಗುತ್ತಿದ್ದರು. ಮುದ್ದಣ್ಣ ಮಾತ್ರ ನನ್ನ ಗೋಡೆಗೆ ಗೋಡೆ ಹಚ್ಚಿಕೊಂಡು ಕಾಯಮ್ಮಾಗಿ ಇದ್ದಾನೆ.

ಎಲ್ಲದಕ್ಕೂ ಮೂಲ ಒಂದು ಸೋಫಾ. ತಾಳ್ಯದ ಕಡೆಯ ನಮ್ಮ ಹಟ್ಟಿಯಲ್ಲಿ ಕುರಿ ಸಾಕುವವರೇ ಹೆಚ್ಚು. ಮನೆಗೆ ಬಂದವರಿಗೆ ಕಂಬಳಿ ಹಾಸಿ ಕೂರಿಸುವುದು ನಮ್ಮ ಹಿರಿಯರ ಕಾಲದಿಂದ ಬಂದ ಮರ್ಯಾದೆ. ಪಂಚಾಯ್ತಿ ಮೆಂಬರ್ ಎರ್ರಿಸ್ವಾಮಿಯ ಮನೆಗೆ ಸೋಫಾ ಬಂದ ದಿನದಿಂದ ಮುದ್ದಣ್ಣನಿಗೆ ಕಂಬಳಿ ಚುಚ್ಚತೊಡಗಿತು. ಹೊಳಲ್ಕೆರೆಯ ಒಂದು ಫೈನಾನ್ಸಿನಲ್ಲಿ ತನ್ನ ಮತ್ತು ಹೆಂಡತಿ ಮೀನಾಕ್ಷಿಯ ಜಂಟಿ ಹೆಸರಿಗೆ ಸಾಲ ಎತ್ತಿ ಸೋಫಾ ಸೆಟ್ ತಂದ. ಅದು ಬಾಗಿಲಲ್ಲಿ ಹಿಡಿಸಲಿಲ್ಲ. ಬಾಗಿಲು ಒಡೆಸಿದ. ಬಾಗಿಲು ಒಡೆಯುವಾಗ ಗೋಡೆ ಬಿರುಕು ಬಿಟ್ಟಿತು. ಗೋಡೆ ಕಟ್ಟಿಸಿ ಬಣ್ಣ ಹೊಡೆಸಲು ಅದೇ ಫೈನಾನ್ಸಿನಲ್ಲಿ ಸಾಲದ ಮೇಲೆ ಸಾಲ. ಹೀಗೆ ಸೋಫಾ ಒಳಗೆ ಹೋಯಿತು, ಅದರ ಪ್ಲಾಸ್ಟಿಕ್ ಹೊದಿಕೆ ಮಾತ್ರ ಹೊರಗೆ ಬರಲಿಲ್ಲ. ಯಾರೂ ಅದರ ಮೇಲೆ ಕೂರಕೂಡದು ಎಂದು ಮುದ್ದಣ್ಣನ ಕಟ್ಟಾಜ್ಞೆ. ಮನೆಮಂದಿ ಅದರ ಎದುರಿಗೆ ಕಂಬಳಿ ಹಾಸಿಕೊಂಡು ಕೂತು ಸೋಫಾ ನೋಡುತ್ತಿದ್ದರು.

ಬೇಸಿಗೆ ಬಂತು. ಪ್ರತಿ ಬೇಸಿಗೆಗೂ ಮುದ್ದಣ್ಣನ ಅಣ್ಣ ಮಾರಣ್ಣ ಮನೆಯ ಮಂದೆಯನ್ನು ಹೊಡೆದುಕೊಂಡು ದಾವಣಗೆರೆ ಕಡೆಯ ಭತ್ತದ ಗದ್ದೆಗಳಿಗೆ ಹೋಗುತ್ತಾನೆ. ಗದ್ದೆಯಲ್ಲಿ ರಾತ್ರಿ ಕುರಿ ತರುಬಿ ಮಲಗಿಸಿದರೆ ಗೊಬ್ಬರ, ಗದ್ದೆಯವರಿಂದ ನಾಲ್ಕು ಕಾಸು. ಮುಂಗಾರು ಹಿಡಿದ ಮೇಲೆ ಮಂದೆ ಹಟ್ಟಿಗೆ ವಾಪಸ್. ಅಲ್ಲಿಯತನಕ ಇಲ್ಲಿ ಕೈಯಲ್ಲಿ ದುಡ್ಡಾಡುವುದಿಲ್ಲ. ಬಂದಮೇಲೆ ಎರಡು ಟಗರು ಮಾರಿದರೆ ತಪ್ಪಿದ ಕಂತೆಲ್ಲ ತೀರಿಹೋಗುತ್ತದೆ. ಇದು ನಮ್ಮ ಹಟ್ಟಿಯ ಕೂಸಿಗೂ ಗೊತ್ತಿರುವ ಲೆಕ್ಕ. ಫೈನಾನ್ಸಿನವರಿಗೆ ಯಾರಾದರೂ ಹೇಳಬೇಕಿತ್ತು, ಅಷ್ಟೆ.

ಈ ಮನೆಯಲ್ಲಿ ಬೆಲೆ ಬಾಳುವುದು ಅಂತ ಇದ್ದರೆ ಅದು ಮಗಳು ಕೀರ್ತನಾ. ಸಿರಿಗೆರೆಯ ಕಾಲೇಜಿನಲ್ಲಿ ಡಿಗ್ರಿ ಕೊನೆಯ ವರ್ಷ, ಅಲ್ಲೇ ಹಾಸ್ಟೆಲ್ಲು. ನಮ್ಮ ಹಟ್ಟಿಯಿಂದ ಟೀಚರಾಗುತ್ತೇನೆ ಎಂದು ಹೊರಟ ಮೊದಲ ಹುಡುಗಿ. ರಜೆಗೆ ಬಂದಾಗ ಹಟ್ಟಿಯ ಮಕ್ಕಳನ್ನೆಲ್ಲ ನನ್ನ ಕಟ್ಟೆಯ ಮೇಲೆ ಗುಡ್ಡೆ ಹಾಕಿಕೊಂಡು ಮಗ್ಗಿ ಹೇಳಿಸುತ್ತಿದ್ದಳು. ತಪ್ಪಿದವರನ್ನು ಬೈಯುತ್ತಿರಲಿಲ್ಲ, ತಾನೇ ಇನ್ನೂ ದೊಡ್ಡ ತಪ್ಪು ಹೇಳಿ, ಅವರಿಂದ ತಿದ್ದಿಸಿಕೊಂಡು ನಗುತ್ತಿದ್ದಳು. ಪರೀಕ್ಷೆ ಮುಗಿದರೆ ಬಿ.ಎಡ್., ಅದಾದರೆ ನೌಕರಿ. ಅವಳಿಗೆ ಒಳ್ಳೆಯದಾಗಲಿ ಎಂದು ನಾನು ಹರಕೆ ಹೊತ್ತಿದ್ದೆ. ನನ್ನ ಸ್ವಂತ ಮಕ್ಕಳಿಗೂ ನಾನು ಹರಕೆ ಹೊತ್ತವನಲ್ಲ.

ಮೂರು ಕಂತು ತಪ್ಪಿದ ಮೇಲೆ ಫೈನಾನ್ಸಿನ ಹುಡುಗ ಬಂದ. ಸುದೀಪ್ ಅಂತ, ಹೊಸದುರ್ಗದವನು, ಬಿ.ಕಾಂ. ಮಾಡಿದವನು. ಮೊದಲೆಲ್ಲ ವಸೂಲಿಗೆ ಬರುವವರು ಬೀದಿ ಕೊನೆಯಿಂದಲೇ ಕೂಗಾಡಿಕೊಂಡು ಬರುತ್ತಿದ್ದರು. ಕಾನೂನು ಬಿಗಿಯಾದ ಮೇಲೆ ಇವರಿಗೆಲ್ಲ ವಿನಯದ ಟ್ರೈನಿಂಗ್ ಕೊಟ್ಟಿದ್ದಾರಂತೆ. ಸುದೀಪ್ ಚಪ್ಪಲಿ ಹೊರಗೆ ಬಿಟ್ಟ, ಕೈ ಮುಗಿದ, ಹೋಗಿ ಸೋಫಾದ ಮೇಲೆ ಕೂತ. ಅದರ ಮೇಲೆ ಕೂತ ಮೊದಲ ಮನುಷ್ಯ ಅವನೇ. ಯಜಮಾನ ಮುದ್ದಣ್ಣ ಆ ಹೊತ್ತಿಗೆ ಹಿತ್ತಲ ಕುರಿರೊಪ್ಪದಲ್ಲಿ ಅಡಗಿ ಕುಕ್ಕುರುಗಾಲಲ್ಲಿ ಕೂತಿದ್ದ. ರೊಪ್ಪದಲ್ಲಿ ಒಂದು ಕುರಿಯೂ ಇರಲಿಲ್ಲವಾದ್ದರಿಂದ ದಾರಿಯಲ್ಲಿ ಹೋಗುವವರಿಗೆಲ್ಲ ಚೆನ್ನಾಗಿ ಕಾಣಿಸುತ್ತಿದ್ದ.

ಮೀನಾಕ್ಷಿ ಇದ್ದದ್ದು ಇದ್ದಂಗೆ ಹೇಳಿದಳು. "ಕುರಿ ದಾವಣಗೆರೆ ಕಡೆ ಹೋಗ್ಯಾವೆ ಕಣಪ್ಪ. ಮಂದೆ ಬರಗಂಟ ತಡ್ಕಳಪ್ಪ, ನಿನ್ ರೂಪಾಯಿ ಎಲ್ಲೂ ಹೋಗಲ್ಲ."

"ಅಷ್ಟೇನಾ ಅಮ್ಮ? ಸರ್ ಒಂದ್ಸಲ ಆಫೀಸಿಗೆ ಬಂದು ಹಿಂಗಿಂಗೆ ಅಂತ ಒಂದ್ ಅರ್ಜಿ ಕೊಟ್ರೆ ಮ್ಯಾನೇಜರ್ ಟೈಮ್ ಕೊಡ್ತಾರೆ. ಬೇಕಾದ್ರೆ ನಾನೇ ಬರ್ಕೊಡ್ತೀನಿ."

ಅವನು ಹೋದ ಮೇಲೆ ಮುದ್ದಣ್ಣ ಮೈಮೇಲಿನ ಹಿಕ್ಕೆ ಕೊಡವಿಕೊಂಡು ಬಂದ. ಹೆಂಡತಿ ಹೇಳಿದ್ದನ್ನು ಕೇಳಿ ಕೆಂಡವಾದ. "ನಾನು ಅರ್ಜಿ ಕೊಡಾದಾ? ಮನೆಯಾಗೆ ಸೋಫಾ ಇಟ್ಕಂಡಿರೋನು ಎಲ್ಲಾದ್ರೂ ಅರ್ಜಿ ಕೊಡ್ತಾನೇನೇ?"

ಅದೇ ವಾರ ತಾಳ್ಯದ ಶಾಲೆಯಲ್ಲಿ ಕಾನೂನು ಅರಿವು ಶಿಬಿರ ನಡೆಯಿತು. ಮಧ್ಯಾಹ್ನ ಪುಳಿಯೋಗರೆ ಉಂಟೆಂದು ಗೊತ್ತಾಗಿ ನಾವಿಬ್ಬರೂ ಹೋದೆವು. ಚಿತ್ರದುರ್ಗದಿಂದ ಬಂದ ವಕೀಲೆಯೊಬ್ಬರು ಬಿಡಿಸಿ ಬಿಡಿಸಿ ಹೇಳಿದರು: "ಸಾಲ ವಸೂಲಿಗೆ ಬರುವವರು ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ನಿಮ್ಮ ಮನೆಗೆ ಬರುವ ಹಾಗಿಲ್ಲ. ಗುರುತಿನ ಚೀಟಿ ತೋರಿಸಬೇಕು. ಬೈಯುವ ಹಾಗಿಲ್ಲ, ಹತ್ತು ಜನರೆದುರು ಮಾನ ಕಳೆಯುವ ಹಾಗಿಲ್ಲ. ಮನೆಯಲ್ಲಿ ಸಾವು, ಮದುವೆ ಅಂಥದ್ದಿದ್ದಾಗ ಬಂದು ಕಾಡುವ ಹಾಗಿಲ್ಲ. ಆದರೆ ಸಾಲ ತೆಗೆದುಕೊಂಡ ಮೇಲೆ ತೀರಿಸಲೇಬೇಕು. ಕಷ್ಟ ಇದ್ದರೆ ಬಾಯಿಬಿಟ್ಟು ಸಮಯ ಕೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ."

ಆಕೆ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಪ್ಪಿದ್ದು ಕೇಳಿಸಿಕೊಂಡ ಕಿವಿ. "ಆದರೆ" ಅನ್ನುವ ಮಾತು ಬಂದದ್ದೇ ಮುದ್ದಣ್ಣ ಎದ್ದು ಪುಳಿಯೋಗರೆ ಸಾಲಿನಲ್ಲಿ ನಿಂತುಬಿಟ್ಟ.

ಮರುದಿನದಿಂದ ನಮ್ಮ ಹಟ್ಟಿಯಲ್ಲಿ ಕಾನೂನಿನ ರಾಜ್ಯಭಾರ ಶುರುವಾಯಿತು. ಕರೆಂಟಿನ ಮೀಟರ್ ನೋಡಲು ಬಂದವನ ಗುರುತಿನ ಚೀಟಿ ಕೇಳಿದ. ಪೋಲಿಯೋ ಹನಿ ಹಾಕಲು ಬಂದ ಹೆಣ್ಣುಮಗಳ ಚೀಟಿ ಕೇಳಿದ. ಆ ಮನೆಯಲ್ಲಿ ಹನಿ ಹಾಕಿಸಿಕೊಳ್ಳುವ ಮಗುವೇ ಇರಲಿಲ್ಲ, ಆಕೆ ನೀರು ಕೇಳಲು ಬಂದಿದ್ದಳು. ಎದುರು ಮನೆಯ ನಾಗಕ್ಕ ಯಾವಾಗಲೋ ಕೊಟ್ಟಿದ್ದ ಒಂದು ಸೇರು ರಾಗಿಹಿಟ್ಟು ವಾಪಸ್ ಕೇಳಲು ಸಂಜೆ ಬಂದಾಗ ಬಾಗಿಲಿಗೆ ಅಡ್ಡ ನಿಂತ.

"ಏಳು ಗಂಟೆ ಆಗೈತೆ ನಾಗಕ್ಕ. ಕೊಟ್ಟಿದ್ದು ಕೇಳಾಕೆ ಈ ಹೊತ್ನಾಗೆ ಬರಂಗಿಲ್ಲ. ನಾಳೆ ಎಂಟರ ಮ್ಯಾಲೆ ಬಾ."

"ನನ್ ಹಿಟ್ಟು ಕೇಳಾಕೆ ನಿನ್ ಗಡಿಯಾರ ನೋಡ್ಬೇಕೇನ್ಲೇ?" ಎಂದು ನಾಗಕ್ಕ ಅಲ್ಲೇ ನಿಂತು ಅವನ ವಂಶದ ಮಾನ ಹರಾಜು ಹಾಕಿದಳು. ಹತ್ತು ಜನರೆದುರು ಮಾನ ಕಳೆಯುವ ಹಾಗಿಲ್ಲ ಎಂದು ಮುದ್ದಣ್ಣ ಕಾನೂನು ಹೇಳಿದ. ಆಗ ಮಿಕ್ಕವರೂ ಬಂದು ಇಪ್ಪತ್ತು ಜನರಾದರು.

ಸುದೀಪ್ ಎರಡನೆಯ ಸಲ ಬಂದದ್ದು ಬೆಳಗಿನ ಮೊದಲ ಬಸ್ಸಿಗೆ. ಮುದ್ದಣ್ಣ ಅವನನ್ನು ಬೀದಿಯಲ್ಲೇ ತಡೆದು, ಎಂಟು ಹೊಡೆಯುವವರೆಗೆ ಬೇವಿನ ಮರದ ಕೆಳಗೆ ನಿಲ್ಲಿಸಿದ. ಹುಡುಗ ಗೊಣಗಲಿಲ್ಲ. ಎಂಟಾದ ಮೇಲೆ ಗುರುತಿನ ಚೀಟಿ ಕೇಳಿದರೆ ಕೊರಳಿಂದ ತೆಗೆದು ಕೈಗೇ ಕೊಟ್ಟ.

"ಇದ್ರಾಗೆ ಗಡ್ಡ ಇಲ್ಲ. ನಿಂಗೈತೆ."

"ಅದು ಕೆಲಸಕ್ಕೆ ಸೇರೋಕೆ ಮುಂಚೆ ತೆಗ್ಸಿದ್ದು ಸರ್. ಸೇರಿದ ಮ್ಯಾಲೆ ಬೋಳಿಸ್ಕಳಾಕೆ ಪುರ್ಸೊತ್ತೇ ಸಿಗ್ತಿಲ್ಲ."

ಮುದ್ದಣ್ಣ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ. ಹೊತ್ತು ಸರಿಯಿತ್ತು, ಚೀಟಿ ಸರಿಯಿತ್ತು, ಹುಡುಗ ಬೈಯುತ್ತಲೂ ಇರಲಿಲ್ಲ. ಬೈಸಿಕೊಳ್ಳುವ ಆಸೆಗೆ ಮುದ್ದಣ್ಣನೇ ಒಂದೆರಡು ಬಾರಿ ಕೆಣಕಿ ನೋಡಿದ. ಅವನು "ಆಯ್ತು ಸರ್" ಅಂದ. ಕಾನೂನು ಪಾಲಿಸುವವನ ಎದುರು ಕಾನೂನು ಹಿಡಿದು ನಿಂತವನ ಪಾಡು ಬೇಡ.

"ಅರ್ಜಿ ಬರ್ಕೊಡ್ಲಾ ಸರ್? ಮೇಲಿನೋರು ನಂಗೂ ಉಗೀತಾವ್ರೆ."

"ಅರ್ಜಿ ಗಿರ್ಜಿ ಆಗಾದಿಲ್ಲ. ಹಕ್ಕು ಐತೆ ನಂಗೆ. ಬರೋ ವಾರ ಬಾ."

ಆ ವಾರವೆಲ್ಲ ಮುದ್ದಣ್ಣ ಯೋಚನೆಯಲ್ಲಿದ್ದ. ಉಳಿದಿದ್ದು ಎರಡೇ ಹಕ್ಕು, ಸಾವು ಮತ್ತು ಮದುವೆ. ಅವನ ತಾಯಿ ದೊಡ್ಡಕ್ಕ ತೊಂಬತ್ತರ ಹತ್ತಿರದವಳು, ಕಣ್ಣು ಮಂಜು. ಆದರೆ ಎರಡು ಮುದ್ದೆ ಉಂಡು ಮೇಲೆ ಮಜ್ಜಿಗೆ ಕೇಳುವಷ್ಟು ಗಟ್ಟಿ. ಮಗ ತನ್ನನ್ನೇ ನೋಡುತ್ತ ಕೂತಿರುವುದು ಆ ಮಂಜುಗಣ್ಣಿಗೂ ತಿಳಿಯಿತು. "ಏನ್ಲಾ ಮುದ್ದ, ಹಂಗ್ ನೋಡ್ತೀಯ? ನಾನಿನ್ನೂ ಮೊಮ್ಮಗಳ ಮದ್ವೆ ನೋಡ್ಬೇಕು" ಎಂದಳು. ಅಲ್ಲಿಗೆ ಸಾವು ಕಳೆದು ಮದುವೆ ಉಳಿಯಿತು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಮುದ್ದಣ್ಣನ ಮನೆ ಮುಂದೆ ಹಂದರ! ನಾಲ್ಕು ಹಸಿ ಕಂಬ, ತೆಂಗಿನ ಗರಿಯ ಚಪ್ಪರ, ಮಾವಿನ ತೋರಣ, ಬಾಗಿಲ ಎರಡು ಮಗ್ಗುಲಲ್ಲಿ ಬಾಳೆಕಂದು. ಕಿಟಕಿಯಲ್ಲಿಟ್ಟ ಫೋನಿನಿಂದ ಓಲಗ ಬೇರೆ.

"ಯಾರಿಗ್ಲೇ ಮದ್ವೆ?" ಎಂದೆ.

"ಯಾರಿಗೂ ಇಲ್ಲ. ಮದ್ವೆ ಮನೆಗೆ ವಸೂಲಿಯೋರು ಬರಂಗಿಲ್ಲ. ನೀನೂ ಶಿಬಿರಕ್ಕೆ ಬಂದಿದ್ಯಲ್ಲ, ಏನ್ ಕೇಳಿಸ್ಕಂಡೆ ಮತ್ತೆ?"

ಮೀನಾಕ್ಷಿ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡಳು. "ಏನ್ರಿ, ಬೆಳೆದ ಮಗಳಿರೋ ಮನೆ ಇದು. ಹಂದರದ ಜೊತೆ ಆಟ ಆಡ್ಬೇಡ್ರಿ. ಒಂದ್ ಕಾಗ್ದ ಬರ್ದು ಕೊಟ್ರೆ ಮುಗೀತಿತ್ತು."

"ಹಕ್ಕು ಅನ್ನಾದು ಕೇಳಾಕಲ್ಲ ಕಣೇ, ಚಲಾಯಿಸಾಕೆ" ಎಂದ ಮುದ್ದಣ್ಣ. ಈ ಮಾತನ್ನು ಯಾರು ಯಾವಾಗ ಹೇಳಿದ್ದರೋ, ಹೇಳಿದವರ ಬಾಯಿಗೆ ಮಣ್ಣು ಬೀಳಲಿ.

ಸುದೀಪ್ ಬಂದ. ಹಂದರ ಕಂಡದ್ದೇ ತಡ, ಅದರ ಹೊರಗೇ ನಿಂತು ಕೈ ಮುಗಿದ. "ಓ, ಶುಭಕಾರ್ಯ! ಮದ್ವೆ ಮನೆಯಾಗೆ ದುಡ್ಡಿನ ಮಾತು ಎತ್ತಬಾರ್ದು ಸರ್. ರೂಲ್ಸಲ್ಲೂ ಐತೆ, ನಮ್ಮವ್ವನೂ ಹೇಳ್ಯಾಳೆ. ಯಾವತ್ತು ಸರ್?"

"ಯಾವತ್ತು ಏನು?"

"ಮದ್ವೆ."

"ಅದಾ... ದಿನ ನೋಡ್ತಿದೀವಿ."

"ಎಲ್ಲ ಮುಗೀಲಿ, ಆಮ್ಯಾಲೆ ಬರ್ತೀನಿ" ಎಂದು ಹುಡುಗ ಹೊರಟೇಹೋದ. ಮುದ್ದಣ್ಣ ಗೆದ್ದ. ಗೆದ್ದವನು ಮನೆಯಲ್ಲಿ ಕೂರುತ್ತಾನೆಯೇ? ತಾಳ್ಯದ ಬಸ್ ಸ್ಟ್ಯಾಂಡಿಗೆ ಹೋಗಿ ಟೀ ಅಂಗಡಿಯಲ್ಲಿ ಭಾಷಣಕ್ಕೆ ನಿಂತ. ಮೆಂಬರ್ ಎರ್ರಿಸ್ವಾಮಿ ಅವನನ್ನು ಮೂಲೆಗೆ ಕರೆದು, "ಆ ಗರಿ ಎಲ್ಲಿ ತಂದೆ?" ಎಂದು ಕೇಳಿದನಂತೆ. ಅವನ ಸೋಫಾದ ಕಂತೂ ಬಾಕಿಯಿತ್ತೆಂದು ನಮಗೆ ಗೊತ್ತಾದದ್ದೇ ಆವತ್ತು.

ಇತ್ತ ಹಟ್ಟಿಯಲ್ಲಿ ಬೇರೆಯೇ ನಡೆಯುತ್ತಿತ್ತು. ಮೀನಾಕ್ಷಿ ಕೂಲಿಗೆ ಹೋಗಿದ್ದಳು. ದೊಡ್ಡಕ್ಕ ಬಾಗಿಲಿಗೆ ಬಂದು ಕೈಯಾಡಿಸಿದಳು. ಹಸಿ ಕಂಬ ಸಿಕ್ಕಿತು, ತೋರಣ ಸಿಕ್ಕಿತು, ಕಿವಿಗೆ ಓಲಗ ಬಿತ್ತು. ಮುದುಕಿಗೆ ಯಾರೂ ಏನೂ ಹೇಳಿರಲಿಲ್ಲ. ಮುದುಕಿಯರಿಗೆ ಯಾರು ಏನು ಹೇಳುತ್ತಾರೆ? ಅವಳು ತಲೆಗೆ ನೀರು ಹಾಕಿಕೊಂಡಳು, ನಾಗಕ್ಕನನ್ನು ಕರೆದಳು, ನಾಗಕ್ಕ ಮುತ್ತೈದೆಯರನ್ನೆಲ್ಲ ಕರೆದಳು. ಕಂಬಕ್ಕೆ ಅರಿಶಿನ ಹಚ್ಚಿ, ಕಂಕಣ ಕಟ್ಟಿ, ಬುಡಕ್ಕೆ ಹಾಲೆರೆದು ಸೋಬಾನೆ ಹಾಡಿದರು. ದೊಡ್ಡಕ್ಕ ಹಾಡುತ್ತ ಹಾಡುತ್ತ ಅತ್ತಳು. ಮುದ್ದಣ್ಣ ಟೀ ಕುಡಿದು ಬರುವಷ್ಟರಲ್ಲಿ ನಾಗಕ್ಕ ಫೋನಿನಲ್ಲಿ ಹಿರಿಯೂರು, ಹೊಸದುರ್ಗ, ಚಿತ್ರದುರ್ಗಗಳನ್ನು ಮುಗಿಸಿ ಜೋಗಿಮಟ್ಟಿಯ ಕೆಳಗಿರುವ ತನ್ನ ತಂಗಿಯ ಮನೆಗೆ ಬಂದಿದ್ದಳು.

ಹಾಲೆರೆದ ಕಂಬವನ್ನು ತಾಳಿ ಕಟ್ಟಿಸದೆ ಕೀಳುವ ಹಾಗಿಲ್ಲ. ಕಿತ್ತರೆ ಆ ಮನೆಯಿಂದ ಹೆಣ ಹೊರಡುತ್ತದೆ. ಇದು ನಮ್ಮ ಹಟ್ಟಿಯ ಕಾನೂನು. ಇದಕ್ಕೆ ಶಿಬಿರ ಬೇಕಿಲ್ಲ, ಹುಟ್ಟುವಾಗಲೇ ಗೊತ್ತಿರುತ್ತದೆ.

ಶನಿವಾರ ಮಧ್ಯಾಹ್ನ ಕೀರ್ತನಾ ಸಿರಿಗೆರೆ ಬಸ್ಸಿಳಿದು ಬಂದಳು. ಬೆನ್ನಿಗೆ ಪುಸ್ತಕದ ಚೀಲ. ತನ್ನ ಮನೆಯ ಮುಂದೆ ಹಂದರ ಕಂಡು ದಾರಿ ತಪ್ಪಿತೇನೋ ಎಂಬಂತೆ ನನ್ನ ಕಟ್ಟೆಯ ಹತ್ತಿರ ನಿಂತುಬಿಟ್ಟಳು.

"ಓಬಣ್ಣಜ್ಜ, ಯಾರ್ದು ಮದ್ವೆ?"

"ನಿಮ್ಮಪ್ಪನ್ನ ಕೇಳವ್ವ" ಎಂದೆ. ಬೇರೆ ಏನು ಹೇಳಲಿ?

ಅಪ್ಪ ವಿವರಿಸಿದ. ಅವಳಿಗೆ ಮೊದಲು ನಗು ಬಂತು. ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸರಿ ಬಿಡಪ್ಪ, ಸೋಮವಾರ ನಾನೇ ಹೊಳಲ್ಕೆರೆಗೆ ಹೋಗಿ ಟೈಮ್ ಕೇಳ್ತೀನಿ. ಈಗ ಇದನ್ನ ತೆಗಿ" ಎಂದು ತೋರಣಕ್ಕೆ ಕೈ ಹಾಕಿದಳು. ಒಳಗಿನಿಂದ ದೊಡ್ಡಕ್ಕ ಕಿಟಾರನೆ ಕಿರುಚಿದಳು. ಹಟ್ಟಿಯ ಹೆಂಗಸರೆಲ್ಲ ಓಡಿಬಂದು ಅವಳ ಕೈ ಹಿಡಿದುಕೊಂಡರು. ಅವಳ ಮುಖದ ನಗು ಹೋದದ್ದು ಆಗಲೇ, ಅದನ್ನು ನಾನು ಕಣ್ಣಾರೆ ನೋಡಿದೆ.

ಭಾನುವಾರ ಒಂದು ಟೆಂಪೋ ಬಂತು. ಅದರ ತುಂಬ ಹಿರಿಯೂರಿನ ನೆಂಟರು, ಮುಂದುಗಡೆ ಮೀನಾಕ್ಷಿಯ ತಮ್ಮ ಹನುಮೇಶ್. ಹಿರಿಯೂರಿನಲ್ಲಿ ಲಗೇಜ್ ಆಟೋ ಓಡಿಸುವವನು, ಕೀರ್ತನಾಳಿಗಿಂತ ಹದಿಮೂರು ವರ್ಷ ದೊಡ್ಡವನು. ಹಿಂದೆ ಒಂದು ಸಲ ಅಕ್ಕನ ಮಗಳನ್ನು ಕೇಳಿದ್ದ. "ಅವಳು ಓದ್ಲಿ ಕಣೋ" ಎಂದು ಮೀನಾಕ್ಷಿ ಅಂದಾಗ "ಆಯ್ತಕ್ಕ" ಎಂದು ಸುಮ್ಮನಾಗಿದ್ದ. ಕೆಟ್ಟವನಲ್ಲ. ಆದರೆ ತನಗೆ ಕೊಡದ ಹುಡುಗಿಗೆ ಬೇರೆಲ್ಲೋ ಹಂದರ ಬಿದ್ದಿದೆ ಎಂಬ ಸುದ್ದಿ ನಾಗಕ್ಕನ ಬಾಯಿಂದ ಹಿರಿಯೂರು ಮುಟ್ಟುವಾಗ, ಹುಡುಗ ಬೆಂಗಳೂರಿನವನೆಂದೂ ಕಾರಿದೆಯೆಂದೂ ಸೇರಿಕೊಂಡಿತ್ತು.

"ಭಾವಾ!" ಎಂದು ಹನುಮೇಶ್ ಟೆಂಪೋದಿಂದ ಹಾರಿದ. "ಸೋದರಮಾವ ನಾನು ಬದುಕಿದೀನಿ. ನನ್ ಕೇಳ್ದೆ ಬ್ಯಾರೆಯೋರಿಗೆ ಹಂದರ ಹಾಕ್ದೇನು? ನಿಮ್ ಮಗಳ ಮ್ಯಾಲೆ ಮೊದಲ್ನೇ ಹಕ್ಕು ಯಾರ್ದು? ಹೇಳು, ಈ ಹಟ್ಟಿ ಮುಂದೆ ಹೇಳು!"

ಟೆಂಪೋದವರು ಇಳಿದು ಸುತ್ತ ನಿಂತರು. ಒಬ್ಬಿಬ್ಬರ ಕೈಯಲ್ಲಿ ದೊಣ್ಣೆ ಇತ್ತು. ಹಟ್ಟಿಯೆಲ್ಲ ಸೇರಿತ್ತು. ಮುದ್ದಣ್ಣನ ಮುಂದೆ ಎರಡೇ ದಾರಿ. "ಮೂರು ಕಂತು ಕಟ್ಟಲಾಗದೆ, ಫೈನಾನ್ಸಿನ ಹುಡುಗನಿಗೆ ಹೆದರಿ ಇದನ್ನು ಹಾಕಿದೆ" ಎಂದು ನಿಜ ಹೇಳುವುದು ಒಂದು. ಅವನು ಒಮ್ಮೆ ಹೊಸ ಬಾಗಿಲ ಕಡೆ ನೋಡಿದ, ಒಳಗೆ ಸೋಫಾ ಹೊಳೆಯುತ್ತಿತ್ತು.

"ಬ್ಯಾರೆಯೋರು ಯಾರ್ಲೇ ಹನುಮೇಶ?" ಎಂದು ನಕ್ಕ. "ನಿಂಗೇ ಕಣೋ ಹಾಕಿರಾದು!"

ಹನುಮೇಶನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. "ನಂಗಾ?" ಎಂದ. ಜಗಳಕ್ಕೆಂದು ಮುಖ ಗಂಟು ಹಾಕಿಕೊಂಡು ಬಂದಿದ್ದ ಬೀಗರಿಗೆ ಅದನ್ನು ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ದೊಣ್ಣೆ ಹಿಡಿದವನು ಅದನ್ನು ಊರುಗೋಲಿನಂತೆ ಊರಿಕೊಂಡು ಕುಂಟತೊಡಗಿದ. ಹನುಮೇಶ್ ಭಾವನ ಕಾಲಿಗೆ ಬಿದ್ದು ಗಳಗಳ ಅತ್ತ. ಮುದ್ದಣ್ಣ ಎಲ್ಲರನ್ನೂ ಒಳಗೆ ಕರೆದು, "ಕುಂತ್ಕಳ್ರಿ, ಕುಂತ್ಕಳ್ರಿ" ಎಂದು ಸೋಫಾದ ಮೇಲೆ ಕೂರಿಸಿದ. ಕೂರಿಸುವಾಗ ಪ್ಲಾಸ್ಟಿಕ್ ಕೂಡ ತೆಗೆದ.

ಕೀರ್ತನಾ ಅಡುಗೆಮನೆಯಿಂದ ಬಂದು ನಡುಮನೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ನಂಗೆ ಬ್ಯಾಡ. ಮಾವ, ನಿನ್ ಮ್ಯಾಲೆ ಸಿಟ್ಟಿಲ್ಲ. ಇದು ಮದ್ವೆ ಹಂದರ ಅಲ್ಲ, ಅಪ್ಪ ಸಾಲಕ್ಕೆ ಹೆದ್ರಿ ಹಾಕಿದ್ದು."

ಸತ್ಯ ಹೇಳಿದರೆ ಜನ ನಂಬುತ್ತಾರೆ ಎಂದು ಅವಳಿಗೆ ಯಾವ ಮೇಷ್ಟ್ರು ಹೇಳಿಕೊಟ್ಟಿದ್ದರೋ. ಬೀಗರೆಲ್ಲ ನಕ್ಕರು. "ಹುಡ್ಗಿ ನಾಚ್ಕಂಡೈತೆ" ಎಂದರು. ಸೋಫಾ ಇರುವ ಮನೆಯವನು ಸಾಲಕ್ಕೆ ಹೆದರುವುದುಂಟೇ?

ಅವಳು ಹಟ ಬಿಡದೆ ಹೋದಾಗ ಹಟ್ಟಿಯ ಯಜಮಾನ ಚಿಕ್ಕತಿಮ್ಮಪ್ಪನವರನ್ನು ಕರೆಸಿದರು. ಅವರು ಅಡಿಕೆ ಅಗಿಯುತ್ತ ಒಂದೊಂದಾಗಿ ಬಿಡಿಸಿ ಹೇಳಿದರು. ಅಕ್ಕನ ಮಗಳು ಸೋದರಮಾವನ ಹಕ್ಕು. ಯಾರಿಗೆ ಕೊಡಬೇಕೆನ್ನುವುದು ಹೆತ್ತಪ್ಪನ ಹಕ್ಕು. ಹಾಲೆರೆದ ಕಂಬಕ್ಕೆ ತಾಳಿ ಕಾಣುವ ಹಕ್ಕು. ಮರಿಮಗುವಿನ ಮುಖ ನೋಡುವುದು ದೊಡ್ಡಕ್ಕನ ಹಕ್ಕು. ಕಂಬಕ್ಕೂ ಹಕ್ಕಿರುವ ಊರು ನಮ್ಮದು.

ಕೀರ್ತನಾ ಅಪ್ಪನ ಕಡೆ ತಿರುಗಿದಳು. "ಅಪ್ಪ, ವಸೂಲಿಗೆ ಬಂದೋರು ಒತ್ತಾಯ ಮಾಡಂಗಿಲ್ಲ, ಹತ್ತು ಜನದ ಮುಂದೆ ಮಾನ ಕಳೆಯಂಗಿಲ್ಲ ಅಂತ ಊರೆಲ್ಲ ಹೇಳ್ಕಂಡು ಬಂದ್ಯಲ್ಲ. ಈಗ ಇವ್ರೆಲ್ಲ ನನ್ನ ವಸೂಲಿಗೆ ಬಂದೌರೆ. ಇದಕ್ಕೆ ಕಾನೂನು ಇಲ್ವಾ?"

ಮುದ್ದಣ್ಣ ನಿಜವಾಗಿಯೂ ಯೋಚನೆ ಮಾಡಿದ. "ಅದನ್ನ ಶಿಬಿರದಾಗೆ ಹೇಳ್ಲಿಲ್ಲವ್ವ" ಎಂದ.

ನಾನು ಎದ್ದುನಿಂತೆ. ಒಪ್ಪಿಗೆ ಇಲ್ಲದ ಹುಡುಗಿಗೆ ಮದುವೆ ಮಾಡುವ ಹಾಗಿಲ್ಲ, ಅದಕ್ಕೂ ಕಾನೂನಿದೆ, ಪೊಲೀಸರಿದ್ದಾರೆ ಎಂದೆ. "ಓಬಣ್ಣ, ನೀನು ರೈಟ್ ಹೇಳಿದ್ರೆ ಬಸ್ ಹೋಗ್ತಿತ್ತು. ಇದು ಬಸ್ಸಲ್ಲ, ಕುಂತ್ಕ" ಎಂದರು ಚಿಕ್ಕತಿಮ್ಮಪ್ಪ. ಎಲ್ಲರೂ ಹೋ ಎಂದು ನಕ್ಕರು. ಆದರೂ ಅವಳು ಜಗ್ಗಲಿಲ್ಲ. ಫೋನ್ ಕೈಯಲ್ಲೇ ಹಿಡಿದಿದ್ದಳು. ಒಂದು ಫೋನ್ ಮಾಡಿದ್ದರೆ ಸಾಕಿತ್ತು, ನಾನೇ ಸಾಕ್ಷಿ ಹೇಳುತ್ತಿದ್ದೆ.

ಅವಳನ್ನು ಬಗ್ಗಿಸಿದ್ದು ಮಾವನಲ್ಲ, ಅಪ್ಪನಲ್ಲ, ಪಂಚಾಯ್ತಿಯೂ ಅಲ್ಲ. ದೊಡ್ಡಕ್ಕ ಊಟ ಬಿಟ್ಟಳು. ಮುದುಕಿ ಹಂದರದ ಕಂಬಕ್ಕೆ ತಲೆ ಕೊಟ್ಟು ಮಲಗಿ, "ಹೆಣ ಹೋಗಾದಿದ್ರೆ ನಂದೇ ಹೋಗ್ಲಿ, ನನ್ ಮೊಮ್ಮಗಳಿಗೆ ಏನೂ ಆಗ್ದಿರ್ಲಿ" ಎಂದು ಗೊಣಗುತ್ತಿದ್ದಳು. ಅದರಲ್ಲಿ ಆಟವಿರಲಿಲ್ಲ, ಮುದುಕಿ ಪೂರಾ ನಂಬಿದ್ದಳು. ಎರಡು ದಿನ ಕಳೆಯಿತು. ಮೂರನೆಯ ದಿನ ಅವಳ ನಾಲಿಗೆ ತೊದಲತೊಡಗಿದಾಗ ಕೀರ್ತನಾ ಅಂಬಲಿಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಳು.

"ಕುಡಿಯಜ್ಜಿ. ಆಗ್ತೀನಿ."

ಅಷ್ಟೇ ಅವಳು ಅಂದದ್ದು. ಅಜ್ಜಿ ಅಂಬಲಿ ಕುಡಿದು ಮೇಲೆ ಮಜ್ಜಿಗೆ ಕೇಳಿದಳು.

ಪುರೋಹಿತರು ಕೊಟ್ಟ ಮುಹೂರ್ತ ಅವಳ ಪರೀಕ್ಷೆಯ ದಿನವೇ ಬಂತು. ಮುಹೂರ್ತ ಮುಂದೆ ಹಾಕುವಂತಿಲ್ಲ, ಪರೀಕ್ಷೆ ಮುಂದಿನ ವರ್ಷವೂ ಬರೆಯಬಹುದು ಎಂದು ತೀರ್ಮಾನವಾಯಿತು. "ಬರೀಲಿ, ನಾನೇ ಓದಿಸ್ತೀನಿ" ಎಂದು ಹನುಮೇಶ್ ಎದೆ ಮುಟ್ಟಿ ಹೇಳಿದ. ಆ ಮುಂದಿನ ವರ್ಷ ಯಾವ ಪಂಚಾಂಗದಲ್ಲಿದೆಯೋ ನನಗೆ ಗೊತ್ತಿಲ್ಲ.

ಮದುವೆ ಎಂದರೆ ಖರ್ಚು. ಸೋಫಾ ಇರುವ ಮನೆಯ ಮದುವೆ ಎಂದರೆ ಸೋಫಾದ ಮಟ್ಟಕ್ಕೆ ಖರ್ಚು. ಮುದ್ದಣ್ಣ ಅಣ್ಣನಿಗೆ ಫೋನ್ ಮಾಡಿದ. ಮಾರಣ್ಣ ಮಂದೆಯನ್ನು ನಿಂತ ಗದ್ದೆಯಲ್ಲೇ ವ್ಯಾಪಾರಿಗೆ ಕೊಟ್ಟು, ಹೆಗಲ ಮೇಲೆ ಕಂಬಳಿ, ಹಿಂದೆ ನಾಯಿ, ಇಷ್ಟರಲ್ಲಿ ಹಟ್ಟಿಗೆ ಬಂದ. ಆ ನಾಯಿ ಖಾಲಿ ರೊಪ್ಪವನ್ನು ಸುತ್ತಿ ಸುತ್ತಿ ಬಂದು ಎಲ್ಲರ ಮುಖ ನೋಡುತ್ತಿತ್ತು. ಮಾರಣ್ಣ ಯಾರ ಮುಖವನ್ನೂ ನೋಡಲಿಲ್ಲ.

ಮದುವೆ ನಡೆಯಿತು. ಎರಡು ಪಾಯಸ, ಹೋಳಿಗೆ, ಬ್ಯಾಂಡ್ ಸೆಟ್. ವಧೂವರರನ್ನು ಸೋಫಾದ ಮೇಲೆ ಕೂರಿಸಿ ಫೋಟೋ ತೆಗೆದರು. ಫೋಟೋದವನು ಎಷ್ಟು ಬೇಡಿಕೊಂಡರೂ ಹುಡುಗಿ ನಗಲಿಲ್ಲ. ಮುದ್ದಣ್ಣ ಮಾತ್ರ ಊಟದ ಪಂಕ್ತಿ ಬಿಟ್ಟು ಮತ್ತೆ ಮತ್ತೆ ಬೀದಿಗೆ ಹೋಗಿ ಇಣುಕಿ ಬರುತ್ತಿದ್ದ. ಕೊನೆಗೆ ನನ್ನ ಎಲೆಯ ಮುಂದೆ ಬಗ್ಗಿ, ಕಣ್ಣರಳಿಸಿಕೊಂಡು, "ನೋಡ್ದೇನೋ ಓಬಣ್ಣ, ಆ ವಸೂಲಿಯೋನು ಬರ್ಲೇ ಇಲ್ಲ!" ಎಂದ. ನಾನು ಎಲೆ ಮಡಚಿ ಎದ್ದೆ.

ಟೆಂಪೋ ಕೀರ್ತನಾಳನ್ನು ಹಿರಿಯೂರಿಗೆ ಕರೆದುಕೊಂಡು ಹೋಯಿತು. ಹಂದರ ಬಿಚ್ಚಿದರು. ಅದಾದ ಮರುದಿನ ಬೆಳಿಗ್ಗೆ ಎಂಟರ ಮೇಲೆ, ಚೀಟಿ ಕೊರಳಿಗೆ ಹಾಕಿಕೊಂಡು, ಒಂದು ಹೊಸ ಸ್ಟೀಲ್ ಡಬ್ಬ ಉಡುಗೊರೆ ಹಿಡಿದು ಸುದೀಪ್ ಬಂದ. ಈ ಸಲ ಅವನ ಮುಖದಲ್ಲಿ ಗೆಲುವಿತ್ತು.

"ಸರ್, ಅಮ್ಮ ಅವತ್ತು ಹೇಳಿದ್ದನ್ನ ನಾನೇ ಮ್ಯಾನೇಜರ್‌ಗೆ ಹೇಳ್ದೆ. ಒಪ್ಪಿದಾರೆ. ನಿಮ್ ಮಂದೆ ಬರಗಂಟ ಕಂತು ಕಟ್ಟಂಗಿಲ್ಲ, ಬಡ್ಡಿನೂ ಹಾಕಲ್ಲ. ಇಲ್ಲೊಂದು ಸೈನ್ ಮಾಡಿದ್ರೆ ಆತು."

ಮುದ್ದಣ್ಣ ಖಾಲಿ ರೊಪ್ಪದ ಕಡೆ ನೋಡಿದ. ಮಾರಣ್ಣ ಎದ್ದು ಹಿತ್ತಲಿಗೆ ಹೋದ. ಗುಡಿಸುತ್ತಿದ್ದ ಮೀನಾಕ್ಷಿ ಪೊರಕೆ ಕೆಳಗಿಟ್ಟು ಹತ್ತಿರ ಬಂದಳು.

"ಏನಪ್ಪ, ಬಡ್ಡಿಗಿಡ್ಡಿ ಸೇರ್ಸಿ ಪೂರ್ತಿ ತೀರಿಸಿಬಿಟ್ರೆ, ಒತ್ತೆ ಇಟ್ಟಿದ್ದನ್ನ ವಾಪಸ್ ಕೊಡ್ತೀರಲ್ಲ?"

"ಖಂಡಿತ ಅಮ್ಮ. ರೂಲ್ಸೇ ಹಂಗೈತೆ. ಆದ್ರೆ ನೀವೇನೂ ಒತ್ತೆ ಇಟ್ಟಿಲ್ವಲ್ಲ?"

"ಇಟ್ಟೀವಪ್ಪ" ಎಂದಳು ಮೀನಾಕ್ಷಿ. "ಹಿರಿಯೂರಿನಾಗೈತೆ."

ಸುದೀಪ್ ಗಾಬರಿಯಾಗಿ ಫೋನ್ ತೆಗೆದು ಮೇಲೆ ಕೆಳಗೆ ಸರಿಸಿ ಸರಿಸಿ ಹುಡುಕಿದ. "ಇಲ್ಲಮ್ಮ" ಎಂದ, "ನಮ್ ರೆಕಾರ್ಡಲ್ಲಿ ಹಂಗೇನೂ ತೋರಿಸ್ತಿಲ್ಲ."